ಪ್ರಶಸ್ತಿ ಯಾರಿಗೆ ಬರಬೇಕಿತ್ತು ಅಂತ ನಾನು ಹೇಳಿದ್ದು

ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಮೈಕ್ ಮುಂದೆ ಕೂತು ಬಸ್ಸುಗಳ ಹೊತ್ತು ಹೇಳುವುದು ನನ್ನ ಕೆಲಸ. ಅದಕ್ಕೂ ಮೊದಲು ಬಹಳ ವರ್ಷ ಕಂಡಕ್ಟರ್ ಆಗಿದ್ದೆ. ಮೊಣಕಾಲು ನೋವು ಜಾಸ್ತಿಯಾದ ಮೇಲೆ ಡಿಪೋದ ಸಾಹೇಬರು ಕರುಣೆಯಿಟ್ಟು ನನ್ನನ್ನು ಕಂಟ್ರೋಲ್ ರೂಮಿಗೆ ಹಾಕಿದರು. ಹಾಗಾಗಿ ಕಿತ್ತೂರು, ಸವದತ್ತಿ, ರಾಮದುರ್ಗ, ಮುನವಳ್ಳಿ ಕಡೆ ಓಡಾಡುವ ಮಂದಿಗೆ ನನ್ನ ಮುಖ ಗೊತ್ತಿಲ್ಲದಿದ್ದರೂ ದನಿ ಗೊತ್ತು. ಕಾಯಿಪಲ್ಲೆ ಕೊಳ್ಳಲು ಹೋಗಿ ‘ಕಾಲ್ಕೇಜಿ ಬೆಂಡಿಕಾಯಿ ಕೊಡ್ರಿ’ ಅಂದರೆ ಪಕ್ಕದಲ್ಲಿ ನಿಂತವರು ತಿರುಗಿ ನೋಡಿ, ‘ಬಸ್ ಸ್ಟ್ಯಾಂಡಿನ ಅಕ್ಕಾರು ನೀವ ಹೌದಲ್ರೀ?’ ಅನ್ನುತ್ತಾರೆ. ಇದು ನನಗೆ ಖುಷಿಯ ಸಂಗತಿಯೇ ಆಗಿತ್ತು, ಹೋದ ವರ್ಷದ ಆ ಒಂದು ವಾರ ಬಿಟ್ಟು.

ನನಗೆ ಸಿನಿಮಾದ ಹುಚ್ಚು ಹತ್ತಿಸಿದವರು ನಮ್ಮ ಅಪ್ಪ. ರಾಮದುರ್ಗದಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದರು. ಮದುವೆ, ಮುಂಜಿವೆ ಮುಗಿಸಿ ಎಷ್ಟೇ ದಣಿದು ಬಂದಿದ್ದರೂ ಭಾನುವಾರ ಸಂಜೆ ಟೀವಿಯಲ್ಲಿ ಸಿನಿಮಾ ಶುರುವಾಗುವ ಹೊತ್ತಿಗೆ ಧೋತರ ಸರಿಮಾಡಿಕೊಂಡು ಮುಂದೆ ಬಂದು ಕೂಡುತ್ತಿದ್ದರು. ಮಂತ್ರ ಹೇಳುವವರಾದ್ದರಿಂದ ಅವರ ಮೊದಲ ಗಮನ ಉಚ್ಚಾರದ ಮೇಲೆ. ‘ಇಂವಗ ಹಕಾರ ಬರಂಗಿಲ್ಲ ನೋಡು’ ಅಂತ ಒಬ್ಬ ಹೀರೋನನ್ನು ಒಂದೇ ಮಾತಿನಲ್ಲಿ ತೆಗೆದುಹಾಕಿಬಿಡುತ್ತಿದ್ದರು. ಅವರ ಎರಡನೆಯ ಪರೀಕ್ಷೆ ಇನ್ನೂ ಕಠಿಣ. ‘ಮಾತಾಡೋವ್ನ್ನ ನೋಡಬ್ಯಾಡ, ಕೇಳ್ಸಿಕೊಳ್ಳೋವ್ನ್ನ ನೋಡು. ಎದುರಿಗಿನವ್ರು ಮಾತಾಡೋವಾಗ ಯಾರ ಮಾರಿ ಜೀವಂತ ಇರ್ತದ, ಅಂವ ನಟ’ ಅನ್ನುತ್ತಿದ್ದರು. ಇವತ್ತಿಗೂ ನಾನು ಸಿನಿಮಾ ನೋಡುವುದು ಹಾಗೆಯೇ. ಹೀರೋ ಡೈಲಾಗ್ ಹೊಡೆಯುವಾಗ ನನ್ನ ಕಣ್ಣು ಪಕ್ಕದಲ್ಲಿ ಸುಮ್ಮನೆ ನಿಂತವರ ಮೇಲೆ ಇರುತ್ತದೆ.

ಮದುವೆಯಾಗಿ ಬೈಲಹೊಂಗಲಕ್ಕೆ ಬಂದಾಗ ಈ ಮನೆಯಲ್ಲೂ ಒಬ್ಬರು ಸಿನಿಮಾ ಹುಚ್ಚಿನವರು ಸಿಕ್ಕರು, ನಮ್ಮ ಅತ್ತೆ. ಮುನವಳ್ಳಿಯವರು. ಆದರೆ ಅವರ ಹುಚ್ಚಿನ ಜಾತಿಯೇ ಬೇರೆ. ಅವರಿಗೆ ಒಬ್ಬನೇ ಹೀರೋ. ಹೆಸರು ಇಲ್ಲಿ ಬೇಡ. ದೊಡ್ಡ ಹೀರೋ ಅಂದರೆ ಸಾಕು. ಆತನ ಮೊದಲ ಸಿನಿಮಾ ನೋಡಿದ ದಿನದಿಂದ ಅತ್ತೆಗೆ ಆತ ‘ನಮ್ಮ ಹುಡುಗ’. ಈಗ ಆತನ ತಲೆಗೂದಲಿಗೆ ಬಣ್ಣ ಬೇಕಾಗಿದೆ, ಅತ್ತೆಗೆ ಇನ್ನೂ ಹುಡುಗನೇ. ಟೀವಿಯಲ್ಲಿ ಆತ ಕೆಮ್ಮಿದರೆ ಇವರು ಇಲ್ಲಿಂದ ‘ಜ್ವಾಕಿಪಾ’ ಅನ್ನುತ್ತಾರೆ. ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ, ಅವರಿಗೆ ಸಿನಿಮಾ ಅಂದರೆ ನಿದ್ದೆ. ಹೀಗಾಗಿ ಪ್ರಶಸ್ತಿ ಸಮಾರಂಭದ ರಾತ್ರಿ ನಮ್ಮ ಮನೆಯಲ್ಲಿ ಜಗಳ ನಡೆಯುವುದು ಅತ್ತೆ ಸೊಸೆಯ ನಡುವೆ. ಬೇರೆ ಯಾವ ವಿಷಯಕ್ಕೂ ನಾವಿಬ್ಬರೂ ಅಷ್ಟು ಜಗಳವಾಡಿಲ್ಲ.

ಹೋದ ವರ್ಷ ಅತ್ಯುತ್ತಮ ನಟ ಪ್ರಶಸ್ತಿ ಅತ್ತೆಯ ಹೀರೋಗೇ ಬಂತು. ಅವರು ಸೋಫಾದ ಮೇಲೆ ಕೂತಲ್ಲೇ ಟೀವಿಗೆ ಕೈ ತೋರಿಸಿ ದೃಷ್ಟಿ ತೆಗೆದು ಲಟಿಕೆ ಮುರಿದರು. ನನಗೆ ಮೈಯೆಲ್ಲ ಉರಿಯಿತು. ಆ ಸಿನಿಮಾ ನಾನು ದುಡ್ಡು ಕೊಟ್ಟು ನೋಡಿದ್ದೆ. ಅದೇ ವರ್ಷ ಬಂದ ಇನ್ನೊಂದು ಸಣ್ಣ ಸಿನಿಮಾವನ್ನೂ ನೋಡಿದ್ದೆ. ಅದರಲ್ಲಿ ಮಧ್ಯವಯಸ್ಸಿನ ಒಬ್ಬ ನಟಿ, ಮಗಳ ಮನೆಯಲ್ಲಿ ಉಳಿಯಲು ಬಂದು ತಾನು ಅಲ್ಲಿ ಹೆಚ್ಚಾಗಿದ್ದೇನೆ ಅಂತ ತಿಳಿದುಕೊಳ್ಳುವ ತಾಯಿಯ ಪಾತ್ರ ಮಾಡಿದ್ದರು. ಮಗಳು ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಿರುತ್ತಾಳೆ, ತಾಯಿ ಅಕ್ಕಿ ಆರಿಸುತ್ತಾ ಕೇಳಿಸಿಕೊಳ್ಳುತ್ತಿರುತ್ತಾಳೆ. ಆಕೆಯ ಬೆರಳು ಒಂದೇ ಒಂದು ಕ್ಷಣ ನಿಂತು ಮತ್ತೆ ಅಕ್ಕಿಯಲ್ಲಿ ಆಡುತ್ತದೆ. ಅಪ್ಪ ಇದ್ದಿದ್ದರೆ ಎದ್ದು ನಿಂತು ಕೈ ಮುಗಿಯುತ್ತಿದ್ದರು. ಆ ನಟಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಹೋಗಲಿ, ಸ್ಪರ್ಧೆಯಲ್ಲಿ ಹೆಸರೂ ಇರಲಿಲ್ಲ.

ಅದೇ ವಾರ ಇನ್ನೊಂದು ಸುದ್ದಿ ಎದ್ದಿತ್ತು. ಆ ಹೀರೋ ಮತ್ತು ಆತನ ಹೆಂಡತಿ ಬೇರೆಯಾಗುತ್ತಿದ್ದಾರೆ ಅಂತ. ನ್ಯೂಸ್ ಚಾನೆಲ್ಲಿನವರು ಅವರ ಮನೆಯ ಗೇಟನ್ನೇ ತಾಸುಗಟ್ಟಲೆ ತೋರಿಸಿದರು. ಬಸ್ ಸ್ಟ್ಯಾಂಡಿನಲ್ಲಿ, ಕಿರಾಣಿ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ‘ಆ ಹುಡುಗಿಗೆ ಏನ್ ಕಡಿಮಿ ಆಗಿತ್ತವಾ?’ ಅಂತ ನನ್ನನ್ನು ಕೇಳಿದರು, ಆಕೆ ನಮ್ಮ ಓಣಿಯವಳೇ ಅನ್ನುವಂತೆ.

ನಮ್ಮದೊಂದು ಸಾಲಿ ಗೆಳತಿಯರ ವಾಟ್ಸಪ್ ಗುಂಪಿದೆ, ಎಲ್ಲ ರಾಮದುರ್ಗದಲ್ಲಿ ಒಟ್ಟಿಗೆ ಓದಿದವರು. ಪ್ರಶಸ್ತಿ ಬಂದ ಮರುದಿನ ನನ್ನ ಅಭಿಪ್ರಾಯ ಕೇಳುವುದು ಅವರ ರೂಢಿ. ‘ಏ ಪರೀಕ್ಷಕಿ, ರಿಸಲ್ಟ್ ಹೇಳು’ ಅಂತ ಒಬ್ಬಳು ಬರೆದಳು. ಟೈಪ್ ಮಾಡುವ ತಾಳ್ಮೆ ನನಗಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟು, ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತಾಡಿ ಕಳಿಸಿದೆ. ಅತ್ತೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ನಡುನಡುವೆ ಬಾಯಿ ಹಾಕುತ್ತಿದ್ದರು.

ನಾನು ಹೇಳಿದ್ದು ಹೀಗೆ: ‘ಈ ಸರ್ತಿ ಪ್ರಶಸ್ತಿ ಅಂವಗ ಬರಬಾರದಾಗಿತ್ತು. ಆ ಪಿಕ್ಚರ್‌ನ್ಯಾಗ ಅಂವ ನಟನಾ ಮಾಡಿಲ್ಲ, ನಡದಾನ. ಅರ್ಧ ಪಿಕ್ಚರ್ ನಿಧಾನಕ್ಕ ನಡದಾನ, ಉಳಿದರ್ಧ ಬೆನ್ನು ತೋರ್ಸಿ ನಿಂತಾನ. ಹೆಂಡ್ತಿ ಸಂಗತೀನ ಬಾಳ್ವೆ ಮಾಡ್ಲಿಕ್ಕೆ ಬರಲಾರದವಗ ಎಂಥಾ ಪ್ರಶಸ್ತಿ ಅಂತ ಈಗ ಒಂದಿಷ್ಟು ಮಂದಿ ಮಾತಾಡ್ಲಿಕ್ಕೆ ಹತ್ತ್ಯಾರ. ಅದು ಶುದ್ಧ ತಪ್ಪು. ಅವನ ಮನಿ ಸುದ್ದಿ ನಮಗ್ಯಾಕ? ಗಂಡ ಹೆಂಡ್ತಿ ನಡಕ ಏನಾಗೇದೋ ಅವರಿಗೇ ಗೊತ್ತು. ನಾವು ತಿಕೀಟು ತಗೊಂಡಿದ್ದು ಪಿಕ್ಚರಿಗೆ, ಅವನ ಮನಿಗಲ್ಲ.’ ಆಮೇಲೆ ಆ ನಟಿಯ ಬಗ್ಗೆ, ಅಕ್ಕಿ ಆರಿಸುವ ಬೆರಳಿನ ಬಗ್ಗೆ ಬಹಳ ಹೇಳಿದೆ.

ಕನ್ನಡದಲ್ಲಿ ಇನ್ನೊಬ್ಬರ ಮಾತು ಮೊದಲು ಬರುತ್ತದೆ, ‘ಅಂತ’ ಅನ್ನುವುದು ಹಿಂದಿನಿಂದ. ಅದರಿಂದ ಇಂಥ ಫಜೀತಿಯಾಗಬಹುದು ಅಂತ ನನಗೆ ಆ ತನಕ ಹೊಳೆದಿರಲಿಲ್ಲ. ಯಾರೋ ನನ್ನ ಮಾತನ್ನು ‘ಎಂಥಾ ಪ್ರಶಸ್ತಿ’ ಅನ್ನುವಲ್ಲಿಗೆ ಸರಿಯಾಗಿ ಕತ್ತರಿಸಿ ಮುಂದಕ್ಕೆ ಕಳಿಸಿದರು. ‘ಅಂತ’ ಹೋಯಿತು, ‘ಅದು ಶುದ್ಧ ತಪ್ಪು’ ಹೋಯಿತು. ಯಾರು ಕತ್ತರಿಸಿದರು ಅಂತ ಇವತ್ತಿಗೂ ಗೊತ್ತಿಲ್ಲ. ನಾನು ಹುಡುಕಲೂ ಇಲ್ಲ. ಗುಂಪಿನ ಗೆಳತಿಯರೆಲ್ಲ ದೇವರಾಣೆ ಹಾಕಿದರು, ನಂಬಿದೆ.

ಗೊತ್ತಾಗಿದ್ದು ಬಸ್ ಸ್ಟ್ಯಾಂಡಿನಲ್ಲಿ. ಸಂಗೊಳ್ಳಿಯಿಂದ ದಿನಾ ಬೈಲಹೊಂಗಲದ ಆಫೀಸಿಗೆ ಓಡಾಡುವ ಒಬ್ಬಾಕೆ, ನನ್ನ ಪರಿಚಯದವಳು, ಕಿಟಕಿಯ ಹತ್ತಿರ ಬಂದು ಫೋನ್ ಹಿಡಿದಳು.

‘ಅಕ್ಕಾ, ಇದು ನಿಮ್ಮ ದನಿ ಅಲ್ರೀ? ನಮ್ಮ ಊರ ಹುಡುಗರ ಗುಂಪಿನ್ಯಾಗ ಬಂದೈತಿ.’

ಕೇಳಿದೆ. ನನ್ನದೇ ದನಿ. ದಿನಾ ಮೈಕಿನಲ್ಲಿ ಕೇಳುವ ದನಿಯನ್ನು ಈ ಸೀಮೆಯಲ್ಲಿ ಯಾರು ತಾನೇ ಗುರುತು ಹಿಡಿಯುವುದಿಲ್ಲ? ಮಧ್ಯಾಹ್ನದ ಹೊತ್ತಿಗೆ, ನಾನು ‘ಸವದತ್ತಿಗೆ ಹೋಗುವ ಪ್ರಯಾಣಿಕರ ಗಮನಕ್ಕೆ’ ಅನ್ನುತ್ತಿದ್ದಂತೆ ಪ್ಲಾಟ್‌ಫಾರ್ಮಿನ ಆ ತುದಿಯಿಂದ ನಾಲ್ಕಾರು ತರುಣರು ಆ ಹೀರೋನ ಹೆಸರು ಹಿಡಿದು ಜೈಕಾರ ಹಾಕಿದರು. ರಾಮದುರ್ಗದ ಬಸ್ಸು ಹೇಳಿದಾಗಲೂ ಹಾಕಿದರು. ಕಿತ್ತೂರಿನ ಬಸ್ಸಿನ ಹೊತ್ತು ತಪ್ಪು ಹೇಳಿ, ಮತ್ತೆ ತಿದ್ದಿ ಹೇಳಿದೆ. ಅಷ್ಟು ವರ್ಷದಲ್ಲಿ ಹಾಗೆ ಆದದ್ದು ಅದೇ ಮೊದಲು.

ಪೂರ್ತಿ ರೆಕಾರ್ಡಿಂಗ್ ನನ್ನ ಫೋನಿನಲ್ಲಿ ಇತ್ತಲ್ಲ, ಸಿಕ್ಕ ಸಿಕ್ಕ ಗುಂಪಿಗೆಲ್ಲ ಕಳಿಸಿದೆ. ಯಾರೂ ಕೇಳಲಿಲ್ಲ. ಅದು ಉದ್ದ. ಸಿಟ್ಟು ಬರಿಸುವ ತುಂಡು ಕೇಳಲು ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಸಾಕಿತ್ತು. ಸಮಾಧಾನ ಮಾಡುವ ಮಾತಿಗೆ ಅಷ್ಟು ಪುರಸೊತ್ತು ಯಾರಿಗಿದೆ? ಗುರುತಿಲ್ಲದ ನಂಬರುಗಳಿಂದ ಫೋನ್ ಬರತೊಡಗಿದವು. ಕೆಲವರು ಬೈದರು, ಕೆಲವರು ಏನೂ ಮಾತಾಡದೆ ಆ ಹೀರೋನ ಹಾಡು ಹಚ್ಚಿ ಕೇಳಿಸಿದರು. ಡಿಪೋದ ಸಾಹೇಬರು ಕರೆದು, ‘ನಿಮ್ಮ ಮ್ಯಾಲೆ ಬಾಯಿಮಾತಿನ ತಕರಾರು ಬಂದದ. ಬರವಣಿಗ್ಯಾಗ ಬಂದ್ರ ನಾ ಉತ್ತರಾ ಕೊಡಬೇಕಾಗ್ತದ. ಹೆಂಗರ ಮಾಡಿ ಬಗೀಹರಿಸ್ಕೋರಿ ಅಕ್ಕಾರ’ ಅಂದರು. ದಬಾಯಿಸಲಿಲ್ಲ. ಆದರೂ ಮೈಕಿನ ಕುರ್ಚಿ ಕಳೆದುಕೊಂಡರೆ ಈ ಮೊಣಕಾಲು ಇಟ್ಟುಕೊಂಡು ಮತ್ತೆ ಬಸ್ಸು ಹತ್ತಬೇಕಲ್ಲ ಅಂತ ಅಂಜಿಕೆಯಾಯಿತು.

ಸಂಜೆ ಮನೆಯಲ್ಲಿದ್ದಾಗ ಇನ್ನೊಂದು ಫೋನ್ ಬಂತು. ಗಡಸು ದನಿ.

‘ಅಕ್ಕಾರ, ಸವದತ್ತಿಯಿಂದ ಮಾತಾಡಾಕತ್ತೇನ್ರಿ. ಅಭಿಮಾನಿ ಸಂಘದ ಅಧ್ಯಕ್ಷ. ನಾಳೆ ಮಧ್ಯಾಹ್ನ ನಿಮ್ಮ ಮನೀಗೆ ಬರಾಕತ್ತೇವಿ. ಇರತೀರಲ್ರೀ?’

‘ಇರ್ತೀನ್ರಿ’ ಅಂದೆ.

ನನ್ನ ಗಂಡ ಪೊಲೀಸ್ ಸ್ಟೇಷನ್ನಿಗೆ ಹೋಗಿ ಒಂದು ಮಾತು ಹೇಳಿ ಬರೋಣ ಅಂದರು. ಅತ್ತೆ ಬೇಡ ಅಂದರು. ‘ನಮ್ಮ ಹುಡುಗನ ಮಂದಿ ಹೆಣ್ಮಕ್ಕಳ ಮ್ಯಾಲೆ ಕೈ ಮಾಡೋ ಪೈಕಿ ಅಲ್ಲ. ಬರ್ಲಿ. ನಾ ಇದ್ದೀನಿ’ ಅಂದರು. ನನಗೆ ಆ ಮಾತಿನಿಂದ ಧೈರ್ಯ ಬರಲಿಲ್ಲ, ನಿಜ ಹೇಳಬೇಕೆಂದರೆ. ಅತ್ತೆ ಯಾರ ಪಾರ್ಟಿ ಅನ್ನುವುದೇ ನನಗೆ ಅನುಮಾನವಾಗಿತ್ತು. ಪ್ರಶಸ್ತಿಯ ಬಗ್ಗೆ ನಾನು ಆಡಿದ ಮಾತಿಗೆ ಅವರು ಇನ್ನೂ ಮುಖ ಊದಿಸಿಕೊಂಡೇ ಇದ್ದರು.

ಮರುದಿನ ರಜೆ ಹಾಕಿದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮಧ್ಯಾಹ್ನ ಮನೆ ಮುಂದೆ ಜೀಪು ನಿಂತ ಸಪ್ಪಳವಾಯಿತು. ಹಿಂದಿನ ಗಾಜಿನ ಮೇಲೆ ಹೀರೋನ ದೊಡ್ಡ ಚಿತ್ರ, ಮುಂದೆ ಬಾವುಟ. ಕಿಟಕಿಯಿಂದ ನೋಡುತ್ತ ನಿಂತೆ. ಜೀಪಿನಿಂದ ಮೊದಲು ಇಳಿದದ್ದು ಇಳಕಲ್ ಸೀರೆಯ ಒಬ್ಬ ಹೆಂಗಸು! ಸೆರಗು ಸರಿಮಾಡಿಕೊಂಡು, ಒಂದು ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ನಿಂತರು. ಆಕೆಯ ಹಿಂದೆ ಐವತ್ತರ ಹತ್ತಿರದ ದಪ್ಪನೆಯ ಗಂಡಸು, ಅವರ ಹಿಂದೆ ಇಬ್ಬರು ಸಂಘದವರು. ಬಾಳೆಹಣ್ಣು ನೋಡಿದ ಕೂಡಲೇ ನನ್ನ ಹೆದರಿಕೆ ಅರ್ಧ ಇಳಿಯಿತು. ಜಗಳಕ್ಕೆ ಬರುವವರು ಹಣ್ಣು ತರುವುದಿಲ್ಲ.

‘ಹೆಣ್ಮಕ್ಕಳ ಮನೀಗೆ ಹೊಂಟೇವಿ ಅಂತ ನಮ್ಮ ಮನ್ಯಾಕೀನ ಕರಕೊಂಡ ಬಂದೇನ್ರಿ’ ಅಂದರು ಅಧ್ಯಕ್ಷರು, ಚಪ್ಪಲಿ ಬಿಡುತ್ತಾ. ಸವದತ್ತಿಯಲ್ಲಿ ಮದುವೆಗಳಿಗೆ ಪೆಂಡಾಲ್ ಹಾಕುವ ವ್ಯಾಪಾರ ಅವರದು. ಕೂತರು. ಆದರೆ ಮುಖ ಗಂಟು ಹಾಕಿಕೊಂಡೇ ಇತ್ತು. ‘ನೋಡ್ರಿ ಅಕ್ಕಾರ, ಪಿಕ್ಚರ್ ಚಲೋ ಇಲ್ಲ ಅನ್ರಿ, ಕೇಳ್ತೇವಿ. ಅವ್ರ ಸಂಸಾರ ಎತ್ತಿ ಮಾತಾಡಿದ್ದು ನಮಗ ಭಾಳ ನೋವಾತ್ರಿ. ನಿಮ್ಮಂಥಾ ಹಿರೇರು...’

ನನಗೆ ಮಾತು ಹೊರಡುವ ಮೊದಲೇ ಅತ್ತೆ ಒಳಗಿನಿಂದ ಬಂದರು.

‘ನೀವೇನಪಾ ನಮ್ಮ ಹುಡುಗನ ಸಂಘದವ್ರು?’

ಅಧ್ಯಕ್ಷರು ಎದ್ದು ನಿಂತರು. ‘ಹೌದ್ರೀ ಅವ್ವಾರ.’

‘ಕೂಡ್ರಿ. ನಾ ನಿಮ್ಮೆಲ್ಲರಿಗಿಂತ ಹಳೇ ಅಭಿಮಾನಿ. ಅವನ ಮೊದಲನೇ ಪಿಕ್ಚರ್ ಓಡದೇ ಮೂರು ದಿನಕ್ಕ ತಗದ್ರಲ್ಲ, ಅದನ್ನ ನೋಡಿದಾಕಿ ನಾನು. ಈಕಿ ಮಾತಾಡೋವಾಗ ನಾ ಅಲ್ಲೇ ಬಾಗಲ್ದಾಗ ಕೂತಿದ್ದೆ. ಅವನ ಸಂಸಾರದ ಬಗ್ಗೆ ಈಕಿ ಒಂದು ಕೆಟ್ಟ ಮಾತಾಡಿದ್ರ ನಾ ಈಕೀನ್ನ ಮನ್ಯಾಗ ಇಟಗೋತಿದ್ದೆನ? ಮೊದಲು ಪೂರಾ ಕೇಳ್ರಿ.’ ಆಮೇಲೆ ನನ್ನ ಕಡೆ ತಿರುಗಿ, ‘ಹಚ್ಚು ಫೋನು. ನೋಡ್ಕೋತ ಏನ್ ನಿಂತಿ?’ ಅಂದರು.

ಹಚ್ಚಿದೆ. ಆ ಸಣ್ಣ ಕೋಣೆಯಲ್ಲಿ ನನ್ನ ದನಿ, ಕುಕ್ಕರಿನ ಸೀಟಿ, ನಡುವೆ ಅತ್ತೆಯ ‘ಸುಮ್ಮನಿರು, ನಿನಗೇನ್ ತಿಳೀತದ!’ ಎಲ್ಲ ಕೇಳಿದವು. ಅತ್ತೆಯ ದನಿ ಬಂದಾಗ ಅಧ್ಯಕ್ಷರ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದರು. ‘ಎಂಥಾ ಪ್ರಶಸ್ತಿ ಅಂತ ಈಗ ಒಂದಿಷ್ಟು ಮಂದಿ’ ಅನ್ನುವುದು ಬಂದ ಕೂಡಲೇ ಅಧ್ಯಕ್ಷರು ಕೈ ಎತ್ತಿದರು.

‘ನಿಲ್ಲಸ್ರಿ. ಹಿಂದಕ್ಕ ಒಯ್ರಿ ಸ್ವಲ್ಪ.’

ಇನ್ನೊಮ್ಮೆ ಕೇಳಿದರು. ‘ಅವನ ಮನಿ ಸುದ್ದಿ ನಮಗ್ಯಾಕ’ ಅನ್ನುವ ತನಕ ತಲೆ ತಗ್ಗಿಸಿ ಕೂತಿದ್ದರು. ನಂತರ ಜೊತೆಗೆ ಬಂದವರ ಕಡೆ ನೋಡಿದರು. ‘ನಮಗ ಬಂದಿದ್ದು ಎಂಥಾ ಪ್ರಶಸ್ತಿ ಅನ್ನೂತನಾ ಅಷ್ಟರೀ. ಮುಂದಿಂದು ಬರಲೇ ಇಲ್ಲ.’ ಆಮೇಲೆ ನನಗೆ ಎರಡೂ ಕೈ ಜೋಡಿಸಿದರು. ‘ತಪ್ಪು ತಿಳ್ಕೊಂಡ್ವಿ, ಅಕ್ಕಾರ. ಖರೇ ಹೇಳ್ತೇನಿ, ಈ ವಾರದಾಗ ಅವ್ರ ಮನೀ ಸುದ್ದಿ ನಮಗ್ಯಾಕ ಅಂದಾವ್ರು ನೀವೊಬ್ರ. ಎಲ್ಲಾರೂ ಬಾಯಿ ಚಪ್ಪರಿಸಿದವ್ರ.’

ನನಗೆ ಅಳು ಬಂದುಬಿಟ್ಟಿತು. ಬಂದವರ ಮುಂದೆ ಅಳಬಾರದೆಂದು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಗ್ಯಾಸ್ ಕಟ್ಟೆಗೆ ಕೈಯೂರಿ ನಿಂತು ಬೇಕಾದಷ್ಟು ಅತ್ತು, ಮುಖ ತೊಳೆದು, ಚಹಾ ತಂದೆ. ಅತ್ತೆ ಆ ಹೊತ್ತಿಗೆ ಹಚ್ಚಿದ ಅವಲಕ್ಕಿ ಕೊಟ್ಟು ಎಲ್ಲರ ಊರು, ಮನೆ, ಮಕ್ಕಳು ವಿಚಾರಿಸಿ ಮುಗಿಸಿದ್ದರು.

ಅಧ್ಯಕ್ಷರು ತಟ್ಟೆ ಕೆಳಗಿಟ್ಟು ನನ್ನ ಕಡೆ ನೋಡಿದರು. ‘ಆದ್ರ ಅಕ್ಕಾರ, ಬೆನ್ನು ತೋರ್ಸಿ ನಿಂತಾನ ಅಂದ್ರಲ್ಲ...’

ಇದೊಂದು ಬಾಕಿ ಇತ್ತು. ‘ಅದು ನಾ ಅಂದಿದ್ದು ಹೌದರಿ’ ಅಂದೆ. ಅದನ್ನು ಹಿಂದೆ ತೆಗೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಅವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿದರು. ‘ನನಗೂ ಹಂಗ ಅನಿಸೇತ್ರಿ.’

‘ಅನಸೂದೇನು?’ ಅಂದರು ಅವರ ಹೆಂಡತಿ. ‘ಮೊದಲನೇ ಆಟದಾಗ ಗೊರಕೀ ಹೊಡದಾರ್ರಿ ಇವ್ರು. ನಾನ ತಿವದು ಎಬ್ಬಿಸೇನಿ. ಎದ್ದವ್ರ ಸೀಟಿ ಹೊಡದ್ರು.’

ಸಂಘದ ಇಬ್ಬರೂ ಮೊದಲು ಹೆದರಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರೇ ನಕ್ಕ ಮೇಲೆ ಅವರೂ ನಕ್ಕರು. ಒಬ್ಬನಂತೂ, ‘ನನಗ ಕಥೀನ ತಿಳೀಲಿಲ್ರಿ ಅಣ್ಣಾ, ಹೇಳಾಕ ಅಂಜಿಕಿ ಬಂದಿತ್ತು’ ಅಂದ. ಅಧ್ಯಕ್ಷರು ದೊಡ್ಡದಾಗಿ ಉಸಿರುಬಿಟ್ಟರು. ‘ಎಷ್ಟು ದಿನ ಆಗಿತ್ತು ಈ ಮಾತು ಹೊಟ್ಟ್ಯಾಗ ಇಟಗೊಂಡು. ಅಧ್ಯಕ್ಷ ಆದಾವ ಯಾರ ಮುಂದ ಹೇಳ್ಬೇಕ್ರಿ? ಅವ್ರ ಹಳೇ ಪಿಕ್ಚರ್ ನೋಡ್ರಿ, ಎಷ್ಟು ಚಂದ ನಗತಿದ್ರು. ಈಗ ಯಾರೋ ನಗಬ್ಯಾಡ್ರಿ ಅಂತ ಹೇಳ್ಯಾರ ಅನಸ್ತೈತಿ.’

ಹಾಗೆ ನಾವು ಸಿನಿಮಾದ ಮಾತಿಗೆ ಬಿದ್ದೆವು. ಯಾವ ವರ್ಷ ಯಾರಿಗೆ ಬರಬೇಕಿದ್ದ ಪ್ರಶಸ್ತಿ ಯಾರಿಗೆ ಹೋಯಿತು, ಹಾಸ್ಯ ಮಾಡುವವರಿಗೆ ಯಾಕೆ ಎಂದೂ ಬರುವುದಿಲ್ಲ, ಎರಡೂವರೆ ತಾಸು ಸಿನಿಮಾ ಹೊತ್ತುಕೊಂಡ ನಟಿಯನ್ನು ಯಾಕೆ ‘ಪೋಷಕ ಪಾತ್ರ’ ಅಂತ ಕರೆಯುತ್ತಾರೆ. ಇಷ್ಟು ವಿಷಯ ಬಲ್ಲವರು ನನಗೆ ಬೈಲಹೊಂಗಲದಲ್ಲಿ ಸಿಕ್ಕಿರಲಿಲ್ಲ. ಆ ಕೋಣೆಯಲ್ಲಿ ಆ ವರ್ಷದ ಪ್ರಶಸ್ತಿಯ ಪರವಾಗಿ ಗಟ್ಟಿಯಾಗಿ ನಿಂತವರು ಒಬ್ಬರೇ, ನಮ್ಮ ಅತ್ತೆ. ‘ನೀವೆಲ್ಲಾ ಏನರ ಅನ್ರಿ. ಬೆನ್ನು ತೋರ್ಸಿದ್ರ ಬೆನ್ನಿಗೇ ಪ್ರಶಸ್ತಿ ಕೊಡ್ಲಿ’ ಅಂದರು.

ಹೊರಡುವ ಮುಂಚೆ ಅಧ್ಯಕ್ಷರು ನಮ್ಮ ಕಟ್ಟೆಯ ಮೇಲೆ ನಿಂತೇ ತಮ್ಮ ಸಂಘದ ಗುಂಪಿಗೆ ಮಾತಾಡಿ ಕಳಿಸಿದರು. ‘ಬೈಲಹೊಂಗಲದ ಅಕ್ಕಾರ ಪೂರಾ ಮಾತು ನಾನ ಕಿವಿಯಾರೆ ಕೇಳೇನಿ. ಅವ್ರು ನಮ್ಮ ಅಣ್ಣನ ಮರ್ಯಾದಿ ಉಳಿಸಿ ಮಾತಾಡ್ಯಾರ. ಇವತ್ತಿನಿಂದ ಯಾರರ ಅವ್ರಿಗೆ ಫೋನ್ ಮಾಡಿದ್ರ ಸಂಘದಿಂದ ಹೊರಗ.’ ಕೆಳಗೆ ನನ್ನ ಪೂರ್ತಿ ರೆಕಾರ್ಡಿಂಗನ್ನೂ ಹಾಕಿದರು. ನಾನು ಕಳಿಸಿದಾಗ ಯಾರೂ ಕೇಳದಿದ್ದದ್ದನ್ನು ಅಧ್ಯಕ್ಷರು ಕಳಿಸಿದಾಗ ಎಲ್ಲರೂ ಕೇಳಿದರು. ಅವರ ಹೆಂಡತಿಗೆ ಕುಂಕುಮ ಹಚ್ಚಿ, ಕುಬಸದ ಖಣ ಕೊಟ್ಟು ಕಳಿಸಿದೆವು.

ಜೀಪು ಓಣಿ ದಾಟಿದ ಮೇಲೆ ನನಗೆ ತಡೆಯಲಾರದ ಹಸಿವಾಯಿತು. ಬುಟ್ಟಿಯಲ್ಲಿ ಮುಂಜಾನೆಯ ಜೋಳದ ಭಕ್ರಿ ಇದ್ದವು. ಶೇಂಗಾ ಹಿಂಡಿಯ ಚಟ್ನಿ, ಮೊಸರು ಹಾಕಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತು ತಿಂದೆ. ಅತ್ತೆ ಎದುರಿಗೆ ಕೂತು ಇನ್ನಷ್ಟು ಹಿಂಡಿ ಬಡಿಸಿದರು. ‘ಬಾಳ್ವೆ ಮುರಿಯೋದು ಅವ್ರದ್ದು, ಊಟಾ ಬಿಡೋದು ನಾವು’ ಅಂದರು. ಅದು ತಮಗೆ ಹೇಳಿಕೊಂಡದ್ದೋ ನನಗೆ ಹೇಳಿದ್ದೋ ಗೊತ್ತಾಗಲಿಲ್ಲ. ಅವತ್ತು ಮಧ್ಯಾಹ್ನ ಇಬ್ಬರೂ ಚಾಪೆ ಹಾಸಿ, ಫ್ಯಾನಿನ ಕೆಳಗೆ ಸಂಜೆಯ ತನಕ ಮಲಗಿಬಿಟ್ಟೆವು.

ಮರುದಿನ ಸಾಹೇಬರೇ ಕಂಟ್ರೋಲ್ ರೂಮಿನ ತನಕ ಬಂದು, ತಕರಾರು ಹೇಳಿದವರೇ ಫೋನ್ ಮಾಡಿ ಏನೂ ಬೇಡ ಅಂದಿದ್ದಾರೆ ಅಂತ ತಿಳಿಸಿದರು. ಅವರ ಮುಖದಲ್ಲೂ ನಿರಾಳ ಕಾಣುತ್ತಿತ್ತು. ಉತ್ತರ ಬರೆಯುವ ಕೆಲಸ ತಪ್ಪಿತ್ತಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ‘ಆ ನಟಿದು ಅಂದ್ರಲ್ಲ, ಆ ಪಿಕ್ಚರ್ ಎಲ್ಲಿ ನಡದದರಿ?’ ಅಂತ ಕೇಳಿದರು.

ಧಾರವಾಡದಲ್ಲಿ ಒಂದು ಟಾಕೀಸಿನಲ್ಲಿ ದಿನಕ್ಕೊಂದೇ ಆಟ ಇನ್ನೂ ಇತ್ತು. ಮುಂದಿನ ರಜೆಯ ದಿನ ಅತ್ತೆಯನ್ನು ಕರೆದುಕೊಂಡು ಹೋದೆ. ಬರುವುದಿಲ್ಲ ಅಂತ ಹಟ ಹಿಡಿದವರು ಕೊನೆಗೆ ಹೊಸ ಸೀರೆ ಉಟ್ಟುಕೊಂಡೇ ಹೊರಟರು. ಅಕ್ಕಿ ಆರಿಸುವ ದೃಶ್ಯ ಬಂದಾಗ ನಾನು ಪರದೆ ನೋಡಲಿಲ್ಲ, ಅತ್ತೆಯನ್ನು ನೋಡಿದೆ. ಕತ್ತಲಲ್ಲಿ ಅವರ ಕೈ ಸೆರಗಿನ ತುದಿ ಹಿಡಿದುಕೊಂಡು ಹಾಗೇ ನಿಂತಿತ್ತು. ವಾಪಸು ಬರುವ ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು, ಎಂದೂ ಬಿಟ್ಟುಕೊಡದವರು.

‘ಆಕಿ ಯಾವೂರಾಕಿ?’ ಅಂತ ಕೇಳಿದರು.

‘ಗೊತ್ತಿಲ್ಲರಿ ಅತ್ಯಾ.’

‘ತಿಳ್ಕೊ. ಮಂದೀ ಮನಿ ಉಸಾಬರಿ ಬ್ಯಾಡ ಅಂತೀ ಖರೆ, ಊರು ಕೇಳಿದ್ರ ತಪ್ಪೇನದ?’

ಬಸ್ಸು ಊರು ಬಿಟ್ಟು ಬಯಲಿಗೆ ಬಂದಿತ್ತು. ಎರಡೂ ಕಡೆ ಕಡಲೆ ಹೊಲ, ಮೇಲೆ ಇಳಿಬಿಸಿಲು. ಕಂಡಕ್ಟರ್ ಹುಡುಗಿ ನನ್ನ ಪರಿಚಯದವಳೇ. ಟಿಕೆಟ್ ಕೊಡುತ್ತಾ ‘ಏನ್ ಅಕ್ಕಾರ, ಅತ್ತಿ ಸೊಸಿ ಕೂಡಿ ಪಿಕ್ಚರಿಗೆ?’ ಅಂತ ನಕ್ಕಳು. ಅತ್ತೆ ಅವಳಿಗೆ ಇಡೀ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು, ಆ ತಾಯಿ ಮಗಳ ಮನೆಗೆ ಚೀಲ ಹಿಡಿದು ಬಂದು ನಿಂತಲ್ಲಿಂದ. ಮುಂದಿನ ಸೀಟಿನವರೂ ತಿರುಗಿ ಕೂತು ಕೇಳಿದರು. ನಾನು ಕಿಟಕಿಗೆ ತಲೆ ಆನಿಸಿ, ಬೈಲಹೊಂಗಲ ಬರುವ ತನಕ ಸುಮ್ಮನೆ ಕಣ್ಣು ಮುಚ್ಚಿಕೊಂಡು ಕೂತಿದ್ದೆ.